ಫಿಲ್ಟರಿನ ಮೇಲಿನ ಕೆಂಪು ಚುಕ್ಕೆ

ಗೆಳೆಯರೇ, ನಮ್ಮ ಸಸಿ ನರ್ಸರಿಯ ಪುಟ್ಟ ಟ್ರ್ಯಾಕ್ಟರಿಗೆ ಗೇರಿಲ್ಲ. ಆಯಿಲ್ ಒತ್ತಡದಿಂದಲೇ ಚಕ್ರ ತಿರುಗಬೇಕು. ಹೋದ ಸಲ ಸರ್ವಿಸ್ ಆದ ವಾರದಲ್ಲೇ ಅದು ಏರುದಾರಿಯಲ್ಲಿ ನಿಂತುಬಿಟ್ಟಿತ್ತು. ದುಡ್ಡು ತಗೊಂಡು ಹಳೇ ಫಿಲ್ಟರನ್ನೇ ಬಿಟ್ಟಿದ್ದಾರೆ ಅಂತ ನನಗೆ ಅನುಮಾನ. ಅದಕ್ಕೇ ಈ ಸಲ ಕೆ.ಆರ್. ಪುರದ ಗ್ಯಾರೇಜಿಗೆ ಬಿಡುವ ಮುಂಚೆ, ಆಯಿಲ್ ಫಿಲ್ಟರಿನ ಮೇಲೆ ನನ್ನ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಟ್ಟಿದ್ದೆ.

ಇವತ್ತು ತರಲು ಹೋದೆ. “ಆಯಿಲು, ಫಿಲ್ಟರು ಎರಡೂ ಹೊಸದು ಹಾಕಿದೀನಿ ಮೇಡಂ,” ಎಂದ ಮೆಕ್ಯಾನಿಕ್.

ಬಗ್ಗಿ ನೋಡಿದೆ. ಚುಕ್ಕೆ ಅಲ್ಲೇ ಇತ್ತು.

“ಮತ್ತೆ ಈ ಕೆಂಪು ಚುಕ್ಕೆ ಏನ್ರೀ?”

“ಅದು ಕಂಪನಿ ಮಾರ್ಕ್ ಮೇಡಂ. ಒರಿಜಿನಲ್‌ಗೆ ಮಾತ್ರ ಹಾಕ್ತಾರೆ.”

ಅದೇ ಪಾಲಿಶ್ ಹಚ್ಚಿದ್ದ ನನ್ನ ಉಗುರುಗಳನ್ನು ಚುಕ್ಕೆಯ ಪಕ್ಕ ಹಿಡಿದೆ. ಎರಡನ್ನೂ ನೋಡಿ ಆತ, “ನಿಮ್ದೂ ಅದೇ ಕಂಪನೀದಾ ಮೇಡಂ?” ಎಂದ.

ಮನೆಗೆ ಬಂದವಳೇ ನೇಲ್ ಪಾಲಿಶ್ ಬಾಟಲಿ ತಿರುಗಿಸಿ ನೋಡಿದೆ. ಟ್ರ್ಯಾಕ್ಟರ್ ಕಂಪನಿಯ ಹೆಸರು ಎಲ್ಲೂ ಇಲ್ಲ. ನನ್ನದೇ ಡೂಪ್ಲಿಕೇಟ್ ಇರಬೇಕು.