ಬಾಟಲಕ್ಕನ ಬಲತಿರುವು

ನನ್ನ ಅತ್ತೆಯನ್ನು ಅವರ ಲ್ಯಾಬಿನಲ್ಲಿ ಎಲ್ಲರೂ ಕರೆಯುವುದು ಬಾಟಲಕ್ಕ ಎಂದು. ಹತ್ತೊಂಬತ್ತು ವರ್ಷಗಳಿಂದ ಅವರದು ಒಂದೇ ಕೆಲಸ. ರಕ್ತ ಪರೀಕ್ಷೆಯ ಗಾಜಿನ ಕೊಳವೆಗಳು, ಸೀಸೆಗಳು, ಬಾಟಲಿಗಳನ್ನೆಲ್ಲ ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು ನೋಡಿ ಜೋಡಿಸಿಡುವುದು. ಮನೆಯಲ್ಲೂ ಅಷ್ಟೇ. ನಾನು ತೊಳೆದಿಟ್ಟ ಮಗುವಿನ ಹಾಲಿನ ಬಾಟಲಿಯನ್ನು ಒಮ್ಮೆ ಕಿಟಕಿಯ ಕಡೆ ಎತ್ತಿ ನೋಡದೆ ಬಿಡುವವರಲ್ಲ. ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ, ಸುಮ್ಮನೆ ಇನ್ನೊಮ್ಮೆ ತೊಳೆಯುತ್ತಾರೆ. ಮಗು ಹುಟ್ಟಿದ ಹೊಸತರಲ್ಲಿ ಇದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಆಮೇಲಾಮೇಲೆ, ಹೋಗಲಿ, ನನಗೊಂದು ಕೆಲಸ ಕಡಿಮೆಯಾಯಿತು ಎಂದುಕೊಂಡೆ.

ಅವರಿಗೀಗ ನಲವತ್ತೊಂಬತ್ತು. ಇಷ್ಟು ವರ್ಷ ಸೋಪು, ಔಷಧದ ನೀರು ಎಂದು ಕೈ ಅದ್ದಿ ಅದ್ದಿ ಬೆರಳ ಸಂದುಗಳೆಲ್ಲ ಬಿರುಕು ಬಿಟ್ಟಿದ್ದವು. ಗ್ಲೌಸು ಹಾಕಿದರೆ ಬೆವೆತು ಇನ್ನಷ್ಟು ಉರಿ. ಚರ್ಮದ ಡಾಕ್ಟರು ಮುಲಾಮು ಬರೆದು ಕೊಡುವುದನ್ನೂ ನಿಲ್ಲಿಸಿ, ನೀರಿನ ಕೆಲಸ ಬಿಡದೆ ಇದು ವಾಸಿಯಾಗುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಅದೇ ಹೊತ್ತಿಗೆ ಲ್ಯಾಬಿನಲ್ಲಿ ಒಂದು ಜಾಗ ಖಾಲಿಯಾಯಿತು. ಊರ ಸುತ್ತಲಿನ ಐದು ಕ್ಲಿನಿಕ್ಕುಗಳಿಂದ ದಿನವೂ ಬೆಳಿಗ್ಗೆ ರಕ್ತದ ಸ್ಯಾಂಪಲ್ಲುಗಳನ್ನು ತರುವ ಕೆಲಸ. ಲ್ಯಾಬಿನದೇ ಮೋಟರ್ ಸೈಕಲ್ಲು, ಅದರ ಹಿಂದೆ ಬಿಗಿದ ತಂಪು ಪೆಟ್ಟಿಗೆ. ಆರು ವಾರ ಬಿಟ್ಟು ಲ್ಯಾಬಿನ ಹಿರಿಯ ಡ್ರೈವರು ಇಡುವ ಪರೀಕ್ಷೆಯಲ್ಲಿ ಪಾಸಾದರೆ ಕೆಲಸ ಅತ್ತೆಯದು. ಇಲ್ಲದಿದ್ದರೆ ಮತ್ತೆ ಅದೇ ಸಿಂಕು.

ಲೈಸೆನ್ಸೇನೋ ಇತ್ತು. ಎಷ್ಟೋ ವರ್ಷಗಳ ಹಿಂದೆ ಮಾವ ಹಟ ಹಿಡಿದು ಮಾಡಿಸಿದ್ದು. ಅದನ್ನು ಪರ್ಸಿನಲ್ಲಿಟ್ಟ ಮೇಲೆ ಅತ್ತೆ ಗಾಡಿಯ ಹ್ಯಾಂಡಲ್ಲು ಮುಟ್ಟಿದವರಲ್ಲ. ಈ ವಿಷಯ ಅವರು ಊಟದ ಮೇಜಿನಲ್ಲಿ ಎತ್ತಿದಾಗ ಮಾವ ನನ್ನ ಕಡೆ ತಿರುಗಿದರು. ಮಾವ ವಾಚ್ ರಿಪೇರಿಯವರು. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುವುದರಿಂದಲೋ ಏನೋ, ಮನೆಗೆ ಬಂದರೆ ಯಾರನ್ನಾದರೂ ಕೆಣಕದೆ ಇರಲಾರರು.

"ನಿಮ್ಮತ್ತೆ ಗಾಡಿ ಓಡಿಸ್ತಾಳಂತೆ. ಊರಲ್ಲಿರೋ ಕೋಳಿಗಳಿಗೆಲ್ಲ ಒಂದು ಮಾತು ಹೇಳಿ ಬಂದುಬಿಡಮ್ಮ."

"ಕೋಳಿಗೆ ಆಮೇಲೆ ಹೇಳಿಸಿ," ಎಂದರು ಅತ್ತೆ. "ಮೊದ್ಲು ನಿಮ್ಮ ಗಾಡಿ ಬೀಗದಕೈ ಕೊಡಿ."

ಕಲಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಮಗು ಆಗುವ ಮೊದಲು ನಾನು ಕೊರಿಯರ್ ಕಂಪನಿಯೊಂದರಲ್ಲಿ ಗಾಡಿ ಓಡಿಸುತ್ತಿದ್ದೆ. ರಸ್ತೆಗೆ ಬಿಡುವ ಮುನ್ನ ಹತ್ತು ದಿನ ಖಾಲಿ ಮೈದಾನದಲ್ಲಿ ನಮ್ಮನ್ನು ಅರೆದಿದ್ದರು. ಸುಮ್ಮನೆ ಸುತ್ತಾಡಿದರೆ ಗಟ್ಟಿಯಾಗುವುದು ತಪ್ಪುಗಳೇ, ಒಂದು ದಿನಕ್ಕೆ ಒಂದೇ ಅಭ್ಯಾಸ ಇಟ್ಟುಕೊಂಡು ಅದನ್ನೇ ತಿದ್ದಬೇಕು ಎಂದು ಅಲ್ಲಿನ ತರಬೇತುದಾರರು ಹೇಳುತ್ತಿದ್ದರು. ಆಗ ಬರೆದಿಟ್ಟುಕೊಂಡ ಪುಸ್ತಕ ಇನ್ನೂ ನನ್ನ ಬಳಿ ಇತ್ತು. ಮುಚ್ಚಿಹೋದ ಪೀಠೋಪಕರಣ ಗೋದಾಮಿನ ಹಿಂದೆ ಒಂದು ಸಿಮೆಂಟು ಅಂಗಳ. ಕಾವಲಿನವರು ಒಪ್ಪಿದರು. ಬೆಳಿಗ್ಗೆ ಆರೂವರೆಯಿಂದ ಏಳೂವರೆಯವರೆಗೆ ನಮ್ಮ ಹೊತ್ತು. ಸಾಲಾಗಿ ನೆಡಲು ಎಂಟು ಪ್ಲಾಸ್ಟಿಕ್ ಬಾಟಲಿಗಳಿಗೆ ಮರಳು ತುಂಬಿ ತನ್ನಿ ಎಂದಿದ್ದೆ. ಅತ್ತೆ ಮರಳು ತುಂಬುವುದಕ್ಕೂ ಅವುಗಳನ್ನು ತೊಳೆದು ತಂದಿದ್ದರು.

ಮೊದಲ ವಾರ ಎಂಜಿನ್ನು ಚಾಲೂ ಮಾಡಿದ್ದೇ ಕಡಿಮೆ. ಗಾಡಿ ತಳ್ಳುವುದು, ಎರಡೂ ಬ್ರೇಕು ಹಿಡಿದು ನಿಲ್ಲಿಸುವುದು, ಸ್ಟ್ಯಾಂಡಿನಿಂದ ಇಳಿಸುವುದು. ಆಮೇಲೆ ಕ್ಲಚ್ಚು ಅರ್ಧ ಬಿಟ್ಟು ನಾಲ್ಕು ಹೆಜ್ಜೆಯಷ್ಟು ಉರುಳಿ ನಿಲ್ಲುವುದು, ದಿನಕ್ಕೆ ಮೂವತ್ತು ಸಲ. ಎರಡನೆಯ ವಾರ ಸೀಮೆಸುಣ್ಣದಲ್ಲಿ ಒಂದಡಿ ಅಗಲದ ಉದ್ದ ಪಟ್ಟಿ ಎಳೆದೆ. ಅದರೊಳಗೆ ಕಾಲು ಊರದೆ ಎಷ್ಟು ನಿಧಾನ ಸಾಗಿದರೆ ಅಷ್ಟು ಒಳ್ಳೆಯದು. ಇದು ಅತ್ತೆಗೆ ತುಂಬ ಹಿಡಿಸಿತು. ನಿಧಾನಕ್ಕೆ ಮಾರ್ಕ್ಸು ಕೊಡುವ ವಿದ್ಯೆ ಇದೊಂದೇ ಎಂದು ಹೇಳಿಕೊಂಡು ಓಡಾಡಿದರು. ಮುಂದಿನ ಬ್ರೇಕನ್ನು ಹೊಡೆಯಬಾರದು, ಹಿಂಡಬೇಕು ಎಂದು ನಾನು ಎಷ್ಟು ವಿವರಿಸಿದರೂ ತಲೆಗೆ ಹೋಗದಿದ್ದುದು ಒಂದು ದಿನ ಅವರಿಗೇ ಹೊಳೆಯಿತು. "ಸ್ಪಂಜು ಹಿಂಡಿದ ಹಾಗೆ ಅನ್ನು, ಅಷ್ಟಕ್ಕೆ ಅರ್ಧ ಗಂಟೆ ಭಾಷಣ ಮಾಡ್ತೀಯಲ್ಲೇ," ಎಂದರು. ಅಂದಿನಿಂದ ಬ್ರೇಕಿನ ಚಿಂತೆ ಇರಲಿಲ್ಲ.

ಪ್ರತಿ ಸುತ್ತಿಗೂ ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ. ಎಷ್ಟು ಸೆಕೆಂಡು, ಎಲ್ಲಿ ಕಾಲು ಊರಿದರು. ಅಂಗಳದ ಚಿಕ್ಕ ನಕ್ಷೆ ಬರೆದು ಕಾಲು ಊರಿದ ಕಡೆ ಒಂದು ಚುಕ್ಕೆ ಇಡುವುದು ನನ್ನ ಪದ್ಧತಿ. ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತಿದ್ದೆ. ಆ ಅಂಗಳದಲ್ಲಿ ನೆರಳೆಂದರೆ ಬಲಗೋಡೆಗೆ ಒರಗಿದ್ದ ತಗಡಿನ ಮಾಡು ಒಂದೇ.

ಮೂರನೆಯ ವಾರ ಬಾಟಲಿಗಳನ್ನು ನೆಟ್ಟು ಅವುಗಳ ಸುತ್ತ ದೊಡ್ಡ ಸುತ್ತು ಹಾಕಿಸಿದೆ. ನಾಲ್ಕನೆಯ ವಾರ ಎಂಟರ ಆಕಾರದಲ್ಲಿ ಸುತ್ತುವ ಅಭ್ಯಾಸ ಶುರುವಾಯಿತು. ಎಡಗಡೆಯ ಸೊನ್ನೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಬಲಗಡೆಯದು ಮಾತ್ರ ಕುಂಬಳಕಾಯಿ. ದೊಡ್ಡದಾಗಿ ಸೊಟ್ಟಗೆ ಹೋಗಿ, ಕೊನೆಗೆ ದಡಕ್ಕನೆ ಕಾಲು. ಒಮ್ಮೆ ಗಾಡಿಯೇ ಮಲಗಿತು. ಅತ್ತೆಗೆ ಏನೂ ಆಗಲಿಲ್ಲ, ಬಲಗಡೆಯ ಕನ್ನಡಿ ಹೋಯಿತು. ಇನ್ನು ಹಿಂದೆ ಬರುವವರ ಮುಖ ನೋಡಿ ಅವಳಿಗೆ ಬೇಜಾರಾಗುವುದಿಲ್ಲ ಬಿಡು ಎಂದು ಕೆಣಕುತ್ತಲೇ ಮಾವ ಹೊಸ ಕನ್ನಡಿ ತಂದು ಕೂರಿಸಿದರು.

ಆಕ್ಸಿಲರೇಟರು ಇರುವುದು ಬಲಗೈಯಲ್ಲಿ. ಬಿರಿದ ಬೆರಳಿನ ನೋವಿಗೆ ಹೀಗಾಗುತ್ತಿದೆ ಎಂದು ಇಬ್ಬರೂ ತೀರ್ಮಾನ ಮಾಡಿದೆವು. ಹಿಡಿಗೆ ಮೆತ್ತನೆಯ ಬಟ್ಟೆ ಸುತ್ತಿದೆವು. ಏನೂ ಪ್ರಯೋಜನವಾಗಲಿಲ್ಲ. ಡ್ರೈವರು ಕೊಟ್ಟ ಪರೀಕ್ಷೆಯ ಪಟ್ಟಿಯಲ್ಲಿ ಕೊನೆಯದು, ಎರಡು ಗೆರೆಗಳ ನಡುವೆ ಬಲಕ್ಕೆ ಪೂರ್ತಿ ಹಿಂತಿರುಗುವುದು. ಒಟ್ಟು ಪರೀಕ್ಷೆಗೆ ಒಂದೇ ಒಂದು ಸಲ ಕಾಲು ಊರಲು ಬಿಡುವು. ಉಳಿದಿದ್ದದ್ದು ಹತ್ತು ದಿನ. ಒಂದು ಸಂಜೆ ಅತ್ತೆ, ಸಿಂಕು ನನಗೆ ಅಭ್ಯಾಸವಾಗಿದೆ ಬಿಡು, ಎಂದರು. ಅದನ್ನು ಹೇಳುವಾಗ ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದರು.

ಮಗು ಮಲಗಿದಾಗ ಪುಸ್ತಕದ ಹಾಳೆಗಳನ್ನು ಮೊದಲಿನಿಂದ ತಿರುವಿದೆ. ಮೂವತ್ತೊಂದು ಚುಕ್ಕೆಗಳು. ಇಪ್ಪತ್ತೆಂಟು ಬಲಗೋಡೆಯ ಕಡೆ. ಅದಕ್ಕಿಂತ ನಾಚಿಕೆಯ ಸಂಗತಿ ಎಂದರೆ, ಮೊದಲ ಮೂರು ವಾರ ನಾನು ಹಾಕಿಕೊಟ್ಟ ಸುತ್ತುಗಳೆಲ್ಲ ಎಡಕ್ಕೇ. ಒಂದೂ ಬಲಕ್ಕಿರಲಿಲ್ಲ. ತಳ್ಳುಗಾಡಿ ಬಲಕ್ಕಿದೆಯಲ್ಲ, ಮೋಟರ್ ಸೈಕಲ್ಲು ಆ ಕಡೆ ಬರುವುದೇ ಬೇಡ ಎಂದು ನನ್ನ ಕೈ ತಾನಾಗಿ ಗೆರೆಗಳನ್ನು ಆಚೆ ಎಳೆದಿತ್ತು. ಕಲಿಸಿದವಳ ತಪ್ಪಿಗೆ ಕಲಿತವರು ಬೆರಳನ್ನು ಬೈದುಕೊಳ್ಳುತ್ತಿದ್ದರು.

ಅಡಿಗೆಮನೆಗೆ ಹೋದೆ. ಅತ್ತೆ ಬ್ರೆಡ್ಡು ಕತ್ತರಿಸುತ್ತಿದ್ದರು.

"ಅತ್ತೆ, ಬಲಕ್ಕೆ ತಿರುಗುವಾಗ ನೀವು ನೋಡೋದು ಎಲ್ಲಿಗೆ?"

"ಇನ್ನೆಲ್ಲಿಗೆ? ಮಗೂನ."

"ಗಾಡಿ ಓಡಿಸೋವಾಗ್ಲಾ?"

"ಓಡಿಸೋವಾಗ್ಲೇ. ಮುಖಕ್ಕೆ ಬಿಸಿಲು ಬಂತಾ, ಬಾಯಿಗೆ ಏನಾದ್ರೂ ಹಾಕ್ಕೊಂಡ್ಳಾ ಅಂತ. ನೀನು ಆ ಪುಸ್ತಕದಲ್ಲಿ ಮುಳುಗಿರ್ತೀಯಲ್ಲ, ಯಾರಾದ್ರೂ ನೋಡ್ಬೇಕಲ್ಲ."

ಕಣ್ಣು ಹೋದ ಕಡೆ ಮೋಟರ್ ಸೈಕಲ್ಲು ಹೋಗುತ್ತದೆ. ಹಳ್ಳ ನೋಡಿದರೆ ಹಳ್ಳಕ್ಕೆ, ಕಂಬ ನೋಡಿದರೆ ಕಂಬಕ್ಕೆ. ಗಾಡಿ ಮಗುವಿನ ಕಡೆ ವಾಲುತ್ತಿದ್ದ ಹಾಗೇ ಅತ್ತೆ ಹೆದರಿ ಕಾಲು ಊರುವುದು. ನನಗೆ ಇನ್ನೂ ಪೂರ್ತಿ ನಂಬಿಕೆ ಬರಲಿಲ್ಲ. ಮರುದಿನ ದೊಡ್ಡ ಕೊಡೆ ಬಿಚ್ಚಿ ತಳ್ಳುಗಾಡಿಯನ್ನು ಎಡಗೋಡೆಗೆ ನಿಲ್ಲಿಸಿದೆ. ಆ ಬೆಣ್ಣೆಯಂಥ ಎಡ ಸೊನ್ನೆಯಲ್ಲಿ ಅತ್ತೆ ನಾಲ್ಕು ಸಲ ಕಾಲು ಊರಿದರು. ಬಲಕ್ಕೆ ಒಮ್ಮೆಯೂ ಇಲ್ಲ. ಐದನೆಯ ಸಲಕ್ಕೆ ಗಾಡಿ ನಿಲ್ಲಿಸಿ, ಹೆಲ್ಮೆಟ್ಟಿನೊಳಗೇ ನಗಲು ಶುರುಮಾಡಿದರು. ನಾನು ಕೊಡೆ ಹಿಡಿದುಕೊಂಡೇ ನೆಲದ ಮೇಲೆ ಕೂತು ನಕ್ಕೆ.

ಮಗುವನ್ನು ಮಾವನ ಬಳಿ ಮನೆಯಲ್ಲಿ ಬಿಟ್ಟು ಬರೋಣ ಎಂದೆ. ಅತ್ತೆ ಒಪ್ಪಲಿಲ್ಲ. ಮನೆಯಲ್ಲಿ ಬಿಟ್ಟರೆ ತಲೆ ಮನೆಯಲ್ಲೇ ಇರುತ್ತದೆ, ಮೇಲಾಗಿ ನಾಳೆ ರಸ್ತೆಯ ತುಂಬ ಯಾರ ಯಾರದೋ ಮಕ್ಕಳು, ಅವರನ್ನೆಲ್ಲ ಮನೆಗೆ ಕಳಿಸಲು ಆಗುತ್ತದೆಯೇ, ಎಂದರು. ಕೊನೆಗೆ ಮಾವನೇ ಅಂಗಡಿಯನ್ನು ಒಂದು ಗಂಟೆ ತಡವಾಗಿ ತೆರೆಯುವುದೆಂದಾಯಿತು. ಅಂಗಳದ ಕಬ್ಬಿಣದ ಗೇಟಿನ ಆಚೆ, ಗಾಡಿ ಬರಲಾಗದ ಕಡೆ, ಅವರಿಗೊಂದು ಸ್ಟೂಲು. ಪಕ್ಕದಲ್ಲಿ ತಳ್ಳುಗಾಡಿ. ಟೋಪಿ, ಬಾಯಿ ಒರೆಸುವ ಬಟ್ಟೆ, ಸೊಳ್ಳೆ, ಬಿಸಿಲು ಎಂದು ಅತ್ತೆ ಒಂದೊಂದಾಗಿ ಹೇಳತೊಡಗಿದಾಗ ಮಾವ ಕೈ ಎತ್ತಿದರು.

"ಎರಡು ಮಕ್ಕಳನ್ನ ಸಾಕಿದೀನಿ ಕಣೇ ನಾನು."

"ಸಾಕಿದ್ದು ಯಾರು ಅಂತ ಆ ಎರಡು ಮಕ್ಕಳನ್ನೇ ಕೇಳೋಣ."

ಕೊರಿಯರಿನವರು ಕಲಿಸಿದ್ದ ಒಂದು ಅಭ್ಯಾಸ ಆಗ ನೆನಪಿಗೆ ಬಂತು. ತಿರುವು ಮುಗಿಯುವ ಕಡೆ ನಾನು ನಿಲ್ಲುವುದು, ಅತ್ತೆ ತಿರುಗಲು ಶುರುಮಾಡಿದಾಗ ಕೈಯೆತ್ತಿ ಕೆಲವು ಬೆರಳು ತೋರಿಸುವುದು. ತಿರುವು ಮುಗಿಯುವುದರೊಳಗೆ ಅವರು ಎಷ್ಟು ಬೆರಳೆಂದು ಕೂಗಬೇಕು. ಗೇಟಿನ ಕಡೆ ನೋಡಿದರೆ ಬೆರಳು ಕಾಣುವುದಿಲ್ಲ, ಆ ಸುತ್ತು ಲೆಕ್ಕಕ್ಕಿಲ್ಲ. ಎಲ್ಲವೂ ಬಲಕ್ಕೆ, ದಿನಕ್ಕೆ ಇಪ್ಪತ್ತು.

ಮೊದಲ ದಿನ ಇಪ್ಪತ್ತರಲ್ಲಿ ಆರು. ಗೇಟಿನ ಆಚೆಯಿಂದ ಮಾವ ಮಗುವಿಗೆ ವರದಿ ಒಪ್ಪಿಸುತ್ತಿದ್ದರು. ನೋಡು ಪುಟ್ಟೀ, ನಿನ್ನಜ್ಜಿ ಬಂದ್ಲು, ವಾಲಿದ್ಲು, ಹೋದ್ಲು. ಅಜ್ಜಿ ಎಂಬ ಮಾತು ಬಿದ್ದ ಕೂಡಲೆ ಅತ್ತೆಯ ಕತ್ತು ಆ ಕಡೆ. ಮಾವನನ್ನು ಸುಮ್ಮನಿರಲು ಹೇಳಲು ಹೊರಟೆ. ಮಾತಾಡಲಿ ಬಿಡು, ಇದೂ ಅಭ್ಯಾಸ, ಎಂದರು ಅತ್ತೆ. ಮೂರನೆಯ ದಿನ ಹದಿನಾಲ್ಕಾಯಿತು. ನಾಲ್ಕನೆಯ ದಿನ ನಡುವೆ ಒಮ್ಮೆ ಜೋರಾಗಿ, "ಮೂರು" ಎಂದು ಕೂಗಿಕೊಂಡು ಹೋದರು.

"ನಾನು ಬೆರಳೇ ಎತ್ತಿಲ್ಲ ಅತ್ತೆ."

"ಎತ್ತಬೇಕಿತ್ತು."

ಪರೀಕ್ಷೆಯ ಹಿಂದಿನ ದಿನ ಹದಿನೆಂಟು.

ಪರೀಕ್ಷೆ ನಡೆದದ್ದು ಲ್ಯಾಬಿನ ಹಿಂದಿನ ಅಂಗಳದಲ್ಲಿ. ಡ್ರೈವರು ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡ, ಮಾತು ಕಡಿಮೆಯ ಮನುಷ್ಯ. ಆರು ಗಾಜಿನ ಕೊಳವೆಗಳಿಗೆ ಕೆಂಪು ಬಣ್ಣದ ನೀರು ತುಂಬಿ, ಬಿರಟೆಯನ್ನು ಬೇಕೆಂದೇ ಸಡಿಲವಾಗಿ ಮುಚ್ಚಿ, ಪೆಟ್ಟಿಗೆಯಲ್ಲಿ ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿದರು. ಒಂದು ಹನಿ ಬಿದ್ದರೂ ಬಟ್ಟೆ ಹೇಳುತ್ತದೆ. ಸಿಂಕಿನ ಕೋಣೆಯ ಕಿಟಕಿಯಲ್ಲಿ ಇಬ್ಬರು ಹೆಂಗಸರು ನೊರೆ ಹತ್ತಿದ ಕೈಗಳಲ್ಲೇ ಬಂದು ನಿಂತರು. ನನಗೆ ಗೋಡೆಯ ಪಕ್ಕ ನಿಲ್ಲಲು ಜಾಗ ಸಿಕ್ಕಿತು. ಮಗುವನ್ನು ಮಾವನ ಬಳಿ ಮನೆಯಲ್ಲಿ ಬಿಟ್ಟು ಬಂದಿದ್ದೆ.

ನಿಧಾನದ ಪಟ್ಟಿಯನ್ನು ಅತ್ತೆ ಎಷ್ಟು ನಿಧಾನವಾಗಿ ದಾಟಿದರೆಂದರೆ ಡ್ರೈವರು ಕೈಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರು. ಬ್ರೇಕು ಸರಿಯಾಯಿತು. ಗುರುತುಗಳ ನಡುವೆ ಅಂಕುಡೊಂಕಾಗಿ ಸಾಗುವ ಸಾಲಿನಲ್ಲಿ ನಾಲ್ಕನೆಯದರ ಬಳಿ ಕಾಲು ಊರಿದರು.

"ಒಂದು," ಎಂದರು ಡ್ರೈವರು.

"ಗೊತ್ತು. ಬರ್ಕೊಳ್ಳಿ."

ಇನ್ನು ಬಿಡುವು ಇರಲಿಲ್ಲ. ಉಳಿದಿದ್ದದ್ದು ಬಲಕ್ಕೆ ಹಿಂತಿರುಗುವುದು. ಅತ್ತೆ ಗೆರೆಗಳ ನಡುವೆ ಬಂದು ಗಾಡಿ ವಾಲಿಸುವ ಹೊತ್ತಿಗೆ ಸರಿಯಾಗಿ ಗೇಟಿನ ಕಡೆಯಿಂದ ಮಗುವಿನ ಅಳು ಕೇಳಿಸಿತು. ಅಜ್ಜಿಯ ಸಾಹಸ ತೋರಿಸಬೇಕೆಂದು ಮಾವ ಯಾರಿಗೂ ಹೇಳದೆ ತಳ್ಳುಗಾಡಿ ತಳ್ಳಿಕೊಂಡು ಬಂದುಬಿಟ್ಟಿದ್ದರು. ಗೇಟು ಇದ್ದದ್ದೂ ಬಲಕ್ಕೇ. ನನ್ನ ಕಾಲು ತಾನಾಗಿ ಆ ಕಡೆ ಎರಡು ಹೆಜ್ಜೆ ಇಟ್ಟಾಗಿತ್ತು. ಅತ್ತೆಯ ಹೆಲ್ಮೆಟ್ಟು ಗೇಟಿನತ್ತ ತಿರುಗಲಿಲ್ಲ. ಗದ್ದ ಭುಜಕ್ಕೆ ಬಂತು, ಕಣ್ಣು ತಿರುವಿನ ಕೊನೆಯಲ್ಲಿ, ಅಲ್ಲಿ ಯಾರೂ ಬೆರಳೆತ್ತಿ ನಿಂತಿರಲಿಲ್ಲ. ಗಾಡಿ ಸಣ್ಣ ಸೊನ್ನೆಯ ಹಾಗೆ ಸುತ್ತಿ ಬಂದು ಗೆರೆಯ ಮೇಲೆ ನಿಂತಿತು. ಆಮೇಲೆಯೇ ಕಾಲು ಕೆಳಗೆ.

ಡ್ರೈವರು ಪೆಟ್ಟಿಗೆ ತೆರೆದು, ಕೊಳವೆಗಳನ್ನು ಎತ್ತಿ, ಬಟ್ಟೆಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಬಿಳಿ. ಕಿವಿಯ ಮೇಲಿನ ಪೆನ್ನು ತೆಗೆದು ಬರೆದರು.

"ಅಕ್ಕಾ, ಸೋಮವಾರ ಏಳು ಗಂಟೆಗೆ ಬನ್ನಿ. ಸಿಂಕಿಗಲ್ಲ, ಗಾಡಿಗೆ."

ಕಿಟಕಿಯ ಹೆಂಗಸರು ಒದ್ದೆ ಕೈಯಲ್ಲೇ ಚಪ್ಪಾಳೆ ತಟ್ಟಿದರು. ಅತ್ತೆ ಹೆಲ್ಮೆಟ್ಟು ತೆಗೆದು ಬೆವರು ಒರೆಸಿಕೊಂಡರು. ಮಗು ಅತ್ತಿದ್ದು ಕೇಳಿಸಲಿಲ್ಲವೇ ಎಂದು ಕೇಳಿದೆ.

"ಕೇಳಿಸ್ದೆ ಏನು? ಹಸಿವಿನ ಅಳು ಅಲ್ಲ ಅದು, ನಿದ್ದೆ ಅಳು. ಇವರು ಇದಾರಲ್ಲ, ನೋಡ್ಕೋತಾರೆ ಅಂತ ಬಿಟ್ಟೆ."

ಮಾವ ಅಷ್ಟರಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಗೇಟಿನ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದರು. ಈ ಮಾತು ಅವರಿಗೂ ಕೇಳಿಸಿತು. ಕೆಣಕಲು ಒಳ್ಳೆಯ ಸಮಯವಾಗಿತ್ತು, ಆದರೆ ಅವರು ಮಗುವಿನ ಟೋಪಿ ಸರಿಮಾಡಿದರು.

ಇದಾಗಿ ಎರಡು ತಿಂಗಳು. ಅತ್ತೆ ಬೆಳಿಗ್ಗೆ ಐದು ಕ್ಲಿನಿಕ್ಕು ಸುತ್ತಿ ಹನ್ನೊಂದಕ್ಕೆ ಲ್ಯಾಬಿಗೆ ಪೆಟ್ಟಿಗೆ ಮುಟ್ಟಿಸುತ್ತಾರೆ. ಬೆರಳ ಸಂದುಗಳು ಮೊದಲು ಒಣಗಿದವು, ಆಮೇಲೆ ಸಿಪ್ಪೆ ಎದ್ದಿತು, ಈಗ ತಿಳಿಗೆಂಪು ಹೊಸ ಚರ್ಮ ಬಂದಿದೆ. ನಿನ್ನೆ ಮಧ್ಯಾಹ್ನ ನಾನು ಮಗುವಿಗೆ ಸ್ನಾನ ಮಾಡಿಸಲು ನೀರು ಹದ ಮಾಡುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತರು. ಮಗು ಹುಟ್ಟಿದ ಮೇಲೆ ಅವರು ಒಮ್ಮೆಯೂ ಅದಕ್ಕೆ ಸ್ನಾನ ಮಾಡಿಸಿರಲಿಲ್ಲ. ನೀರು ಸೋಕಿದರೆ ಕೈ ಉರಿ, ಒರಟು ಬೆರಳು ತಾಕಿದರೆ ಮಗುವಿಗೆ ಗೀರು. ಅಂಗೈಯನ್ನು ಮೊದಲು ಸ್ವಂತ ಕೆನ್ನೆಗೆ ಉಜ್ಜಿ ನೋಡಿಕೊಂಡರು. ಆಮೇಲೆ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಟವೆಲ್ಲು ತಗೊಂಡು ಬಾ ಹೋಗು, ಎಂದರು.