ಏಳನೇ ಕಲ್ಲು

ರೋಫಿನುಸ್ ಇಪ್ಪತ್ತಾರು ವರ್ಷ ನಮ್ಮ ಫ್ಲೋರೆಸ್ ದ್ವೀಪದ ಗುಡ್ಡದ ರಸ್ತೆಯಲ್ಲಿ ಕಿಲೋಮೀಟರ್ ಕಲ್ಲುಗಳಿಗೆ ಬಣ್ಣ ಬಳಿದ. ಎಣಿಕೆ ಬಂದರಿನಿಂದ ಶುರು: ಆಸ್ಪತ್ರೆಯಿರುವ ಕೆಳಗಿನ ಊರು ನಾಲ್ಕನೇ ಕಲ್ಲು, ಮೇಲಿನ ನಮ್ಮೂರು ಹದಿನೆಂಟು. "ಲೆಕ್ಕ ಬರ್ದೇ ಇದ್ದೋನು ದಾರಿ ಹಿಡೀಬಾರ್ದು ಕಣೋ" ಎಂದು ನಮ್ಮನ್ನು ಹಂಗಿಸುತ್ತಿದ್ದ. ಅವನ ಜಂಭ ನನಗೆ ಹಿಡಿಸುತ್ತಿರಲಿಲ್ಲ. ಆದರೆ ಅವನ ಲೆಕ್ಕ ತಪ್ಪಿದ್ದನ್ನು ಕಂಡವರೂ ಇರಲಿಲ್ಲ.

ಆ ವರ್ಷ ರಸ್ತೆ ಕುಸಿದು ಗಾಡಿ ನಿಂತಿತ್ತು. ಅವನ ಒಬ್ಬಳೇ ಮಗಳು ಮಾರ್ಸೆಲಿನಾಗೆ ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ನಮ್ಮ ಕಡೆ ರೋಗಿಯನ್ನು ಬಿದಿರಿನ ಜೋಲಿಯಲ್ಲಿ ಅರ್ಧ ದಾರಿ ನಾವು ಹೊರುತ್ತೇವೆ, ಉಳಿದರ್ಧ ಕೆಳಗಿನವರು. ನಡು ದಾಟಿ ಹೊತ್ತರೆ ಅವರನ್ನು ಕೈಲಾಗದವರು ಎಂದು ಹಳಿದ ಹಾಗೆ. ಸುಡುಗಾಡು ಮರ್ಯಾದೆ!

ರೋಫಿನುಸ್ ಗುಡ್ಡದ ತುದಿಗೆ ಓಡಿ ಕೆಳಗಿನೂರ ಹಿರಿಯ ಕನಿಸಿಯುಸ್‌ಗೆ ಫೋನು ಮಾಡಿದ. "ಅಣ್ಣಾ, ಮಗಳಿಗೆ ರಕ್ತ ಹೋಗ್ತಿದೆ. ಜನ ಕರ್ಕೊಂಡು ಏಳನೇ ಕಲ್ಲಿಗೆ ಬಾ."

"ನಮ್ಮೂರಿಗೆ ಅಷ್ಟು ಹತ್ರಾನಾ?" ಎಂದು ಕನಿಸಿಯುಸ್ ಕೇಳಿದ್ದು ಅವನಿಗೆ ಕೇಳಿಸಿತಂತೆ. ಅಷ್ಟರಲ್ಲಿ ಫೋನು ಸತ್ತಿತು.

ಅರ್ಧ ದಾರಿ, ಅಂದರೆ ಏಳು ಕಿಲೋಮೀಟರು ಇಳಿದು ಜೋಲಿ ಇಳಿಸಿದೆವು. ಯಾರೂ ಇಲ್ಲ. "ಬರ್ತಾರೆ, ಬರ್ತಾರೆ" ಎನ್ನುತ್ತ ರೋಫಿನುಸ್ ಮಗಳ ಕಾಲು ಉಜ್ಜಿದ. ನಾನು ಅಡಿಕೆ ಜಗಿಯುತ್ತ ಕೂತಿದ್ದೆ. ನೆನೆದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ. ಒಂದು ಗಂಟೆ ಕಳೆದ ಮೇಲೆ ಅವನ ಕಣ್ಣು ಪಕ್ಕದ ಕಲ್ಲಿನ ಮೇಲೆ ಬಿತ್ತು. ಅವನೇ ಬರೆದ ಹನ್ನೊಂದು.

ನನ್ನ ಹೆಗಲು ಹಿಡಿದು ಅಲುಗಿಸಿದ: "ದೋನಾ, ಏಳು ಅನ್ನೋದು ನಾವು ಇಳಿದ ದೂರ ಕಣೋ, ಕಲ್ಲಿನ ನಂಬರಲ್ಲ! ಹದಿನೆಂಟರಲ್ಲಿ ಅದನ್ನ ಕಳೀಬೇಕಿತ್ತು. ನಾನು ಕಳೀಲೇ ಇಲ್ಲ. ಎತ್ರೋ!"

ಓಡಿದೆವು. ಮರ್ಯಾದೆ ಯಾರಿಗೆ ಬೇಕಿತ್ತು ಆಗ? ಒಂಬತ್ತನೇ ಕಲ್ಲಿನ ಹತ್ತಿರ ಮಾರ್ಸೆಲಿನಾ ಉಸಿರು ನಿಲ್ಲಿಸಿದಳು. ಇನ್ನೆರಡು ಕಿಲೋಮೀಟರು ಕೆಳಗೆ ಕನಿಸಿಯುಸ್‌ನ ಎಂಟು ಜನ ಬೆಳಗಿನಿಂದ ನಿಂತೇ ಇದ್ದರು.

ಊರಲ್ಲಿ ಯಾರೂ ರೋಫಿನುಸ್‌ನನ್ನು ಬೈಯಲಿಲ್ಲ. ಬೈದಿದ್ದರೆ ಅವನು ಜಗಳಕ್ಕಾದರೂ ಎದ್ದು ನಿಲ್ಲುತ್ತಿದ್ದನೇನೋ. ಮಣ್ಣು ಮಾಡಿದ ನಾಲ್ಕನೇ ದಿನ ಕನಿಸಿಯುಸ್ ಮಾತಾಡಿಸಲು ಬಂದು, ಕಾಫಿ ಕುಡಿದು ಲೋಟ ಕೆಳಗಿಟ್ಟ. ಪಾಪ, ಮನಸ್ಸಿನಲ್ಲಿ ಕೆಟ್ಟದ್ದೇನೂ ಇಟ್ಟುಕೊಂಡವನಲ್ಲ.

"ತಮ್ಮಾ, ನೀನು ಯಾವ ಕಲ್ಲೂ ಹೇಳ್ದೆ ಬರೀ 'ಬನ್ನಿ' ಅಂದಿದ್ರೆ ಸಾಕಿತ್ತಲ್ಲೋ. ನಾವು ಹತ್ತುತಾ ಇರ್ತಿದ್ವಿ, ನೀವು ಇಳೀತಾ ಇರ್ತಿದ್ರಿ. ಎಲ್ಲಾದ್ರೂ ಸಿಗ್ತಿದ್ವಿ."

"ಹೌದಣ್ಣ" ಎಂದ ರೋಫಿನುಸ್. ಒಳಗೆ ಮಗು ಹಾಲಿಗೆ ಅಳುತ್ತಿತ್ತು.