ಹಾಲು ಬೇಡವೆಂದ ಬನಶಂಕರಿ

ನನ್ನ ಸೊಸೆ ಲೀ ಚೀನಾದವಳು, ನಾನು ಧಾರವಾಡದವಳು. ಮಗನ ಜೊತೆ ಮೆಲ್ಬರ್ನ್‌ನ ವೆರಿಬೀಯಲ್ಲಿದ್ದೇವೆ. ಹೋದ ವರ್ಷ ಅವಳ ಕಡೆಯ ಜನರ ಸಂಘದಲ್ಲಿ ಗಟ್ಟಿಮುಟ್ಟಾಗಿರುವವರಿಗೂ ಥೈರಾಯ್ಡ್ ತಪಾಸಣೆ ಇಟ್ಟಿದ್ದರು. ಗೆಳತಿಗೆ ಜೊತೆಯಾಗಿ ಹೋದ ಲೀಯ ರಕ್ತದಲ್ಲೇ ತೊಂದರೆ ಸಿಕ್ಕಿತು. ರೋಗದಿಂದ ಮೈ ಕಾಯಬೇಕಾದ ಶಕ್ತಿಯೇ ಕುತ್ತಿಗೆಯ ಗ್ರಂಥಿಯ ಮೇಲೆ ಬಿದ್ದಿದೆಯಂತೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಮೊದಮೊದಲು ಅವಳಿಗೆ ಏನೂ ಅನ್ನಿಸಲಿಲ್ಲ. ಚಳಿಗಾಲದ ಹೊತ್ತಿಗೆ ಹುಡುಗಿ ಕೂತಲ್ಲೇ ತೂಕಡಿಸತೊಡಗಿದಳು, ಮಾತು ನಿಧಾನವಾಯಿತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಬೇಕು, ಥೈರಾಯ್ಡ್ ಹದಕ್ಕೆ ಬರುವವರೆಗೆ ಮಗುವಿನ ಯೋಚನೆ ಬೇಡ ಎಂದರು ಡಾಕ್ಟರ್. ಮಗುವಿನ ಆಸೆ ಹೊತ್ತವಳು ಅವಳು. ಅವಳ ಮುಖ ನೋಡಿ ನನಗೆ ಅಳು ಬರುತ್ತಿತ್ತು.

ಕೈಲಾಗದವಳು ದೇವರಿಗೆ ಹರಕೆ ಹೊತ್ತೆ. ಇವಳು ಗುಣವಾಗುವವರೆಗೆ ದಿನಾ ಬೆಳಗ್ಗೆ ಬನಶಂಕರಿಗೆ ಹಾಲಿನ ನೈವೇದ್ಯ, ಪ್ರಸಾದ ಸೊಸೆಗೆ. ಹೊರಗೆ ಬಿಳಿ ಮಂಜು, ಒಳಗೆ ಒಂದು ದೀಪ. ಲೀ ಮಾತ್ರೆ ನುಂಗಿ ಬಂದು, ಅರೆನಿದ್ದೆಯಲ್ಲೇ ಕೈಮುಗಿದು ಹಾಲು ಕುಡಿಯುತ್ತಿದ್ದಳು. ಹೀಗೇ ತಿಂಗಳುಗಳು ಕಳೆದವು. ಮಾತ್ರೆಯ ಪ್ರಮಾಣ ಏರಿಸಿದರೂ ಗುಣ ಕಾಣಲಿಲ್ಲ.

ಆಮೇಲೆ ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿರುವ ನನ್ನ ತಂಗಿಗೆ ಮೊಣಕಾಲಿನ ಆಪರೇಷನ್ ಆಯಿತು. ಪೂಜೆಯನ್ನು ಸೊಸೆಗೆ ಒಪ್ಪಿಸಿ ಹಗಲಿನ ಟ್ರೇನ್ ಹತ್ತಿದೆ. ಕಿಟಕಿಯಾಚೆ ಒಣಹುಲ್ಲು, ಕುರಿ, ಮತ್ತೆ ಒಣಹುಲ್ಲು. ಯಾವಾಗ ಕಣ್ಣು ಮುಚ್ಚಿತೋ ತಿಳಿಯದು. ನಮ್ಮನೆಯ ದೇವರ ಕಟ್ಟೆಯ ಮುಂದೆ ಹಸಿರು ಸೀರೆಯುಟ್ಟು ತಾಯಿ ಬನಶಂಕರಿ ಕೂತಿದ್ದಳು. ಹಾಲಿನ ಲೋಟವನ್ನು ಬೆರಳಿನಿಂದ ಮೆಲ್ಲಗೆ ಆಚೆ ಸರಿಸಿ, "ನನಗ ನೀರ ಸಾಕು" ಅಂದಳು. ಎಚ್ಚರವಾದಾಗಲೂ ಆ ದನಿ ಕಿವಿಯಲ್ಲೇ ಇತ್ತು.

ಕೂಡಲೇ ಲೀಗೆ ಫೋನ್ ಮಾಡಿ, ನಾಳೆಯಿಂದ ನೀರಿನದೇ ನೈವೇದ್ಯ, ಹಾಲು ಬೇಡ ಎಂದೆ. ಯಾಕೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ನನಗಾದರೂ ಏನು ಗೊತ್ತಿತ್ತು?

ತಂಗಿ ಓಡಾಡುವ ಹಾಗಾಗಿ ನಾನು ಮರಳುವಷ್ಟರಲ್ಲಿ ಎರಡು ತಿಂಗಳು. ಆ ವಾರವೇ ಲೀಯ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ಥೈರಾಯ್ಡ್ ಹದಕ್ಕೆ ಬಂದಿತ್ತು. ಡಾಕ್ಟರಿಗೇ ಆಶ್ಚರ್ಯ. ಏನು ಬದಲಾಯಿಸಿದಿರಿ ಎಂದು ಕೆದಕಿ ಕೇಳಿದಾಗ ಹಾಲಿನ ವಿಷಯ ಹೊರಬಿತ್ತು. ಮಾತ್ರೆಯ ಬೆನ್ನಿಗೇ ಹಾಲು ಕುಡಿದರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಖಾಲಿ ಹೊಟ್ಟೆ ಎಂದು ಅವರು ಹೇಳಿಯೇ ಇದ್ದರು. ಆದರೆ ಪ್ರಸಾದವೂ ಆಹಾರವೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮಾತ್ರೆ ಜೀವನಪೂರ್ತಿ ಬೇಕಾಗಬಹುದು, ಆದರೆ ಇನ್ನು ಮಗುವಿನ ಯೋಚನೆ ಮಾಡಬಹುದು ಎಂದರು.

ಮಗ ಇದನ್ನೆಲ್ಲ ಕಾಕತಾಳೀಯ ಅನ್ನುತ್ತಾನೆ. ಅನ್ನಲಿ, ಅವನು ಇಂಜಿನಿಯರ್.

ಆ ಸಂಜೆ ಲೀ ದೇವರ ಮುಂದೆ ಕೂತು ಅಳುಕುತ್ತ ಕೇಳಿದಳು. "ಅಮ್ಮಾ, ಎರಡು ತಿಂಗಳು ಹಾಲು ಕೊಟ್ಟಿಲ್ಲ. ದೇವಿ ಆಂಗ್ರಿ ಆಗಿದ್ದಾರಾ?"

ಅವಳ ತಲೆ ಸವರಿದೆ. "ನಿನ್ನ ಸಲುವಾಗಿ ಆಕಿ ತನ್ನ ಹಾಲೇ ಬಿಟ್ಟಾಳವಾ. ಸಿಟ್ಟು ಎಲ್ಲಿಂದ ಬರಬೇಕು?"

ನಾನು ಕೇಳಿದ್ದನ್ನು ಕೊಡುವಾಗ, ನಾನು ಕೊಟ್ಟಿದ್ದನ್ನೇ ತಾಯಿ ಹಿಂದಿರುಗಿಸಿದಳು. ಬಂಧುಗಳೇ, ಅಂಥವಳ ಮುಂದೆ ಇನ್ನು ನಾನು ಹರಕೆಯ ಲೆಕ್ಕ ಇಡುವುದಿಲ್ಲ. ಸುಮ್ಮನೆ ಕೈಮುಗಿಯುತ್ತೇನೆ.